ಬಾಣಂತಿಗೆ ಆರೈಕೆ ಬೇಕು, ಒಡನಾಟವೂ ಬೇಕು



ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಸಂತೋಷದ ದಿನ. ಬಾಣಂತಿಗೆ ಎಣ್ಣೆನೀರು, ಬಿಸಿಯೂಟ, ಬೆಚ್ಚನೆಯ ಹಾಸಿಗೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಅಜ್ಜಿ, ಇವೆಲ್ಲವನ್ನೂ ನಮ್ಮ ಹಿರಿಯರು ಏರ್ಪಡಿಸಿದ್ದರು. ಆ ಬಾಣಂತನದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಂಶವೂ ಇದ್ದಿತು. ತವರಿನ ಕೇರಿಯಲ್ಲಿ ಹೆಚ್ಚುಕಡಿಮೆ ಅದೇ ತಿಂಗಳಲ್ಲಿ ಹೆತ್ತ ಮತ್ತೊಬ್ಬ ಗೆಳತಿ ಇರುತ್ತಿದ್ದಳು. ಇಬ್ಬರೂ ಮಗುವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಮಾತನಾಡುತ್ತಿದ್ದರು. ಅದನ್ನು ಯಾರೂ ಚಿಕಿತ್ಸೆಯೆಂದು ಕರೆಯಲಿಲ್ಲ. ಆದರೂ ಅದು ಬಾಣಂತಿಯ ಮನಸ್ಸಿಗೆ ಔಷಧದಂತೆಯೇ ಇದ್ದಿತು. ಹೊಸದಾಗಿ ತಾಯಿಯಾದವಳಿಗೆ ಹೊಸ ತಾಯಂದಿರ ಒಡನಾಟ ಏಕೆ ಬೇಕು, ಅದನ್ನು ಹೇಗೆ ಒದಗಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಪಟ್ಟಣದಲ್ಲಿರುವ ಮಗಳು

ನಿಮ್ಮ ಊರಿನ ಎಷ್ಟೋ ಹೆಣ್ಣುಮಕ್ಕಳು ಇಂದು ಗಂಡನೊಡನೆ ಬೆಂಗಳೂರಿನಲ್ಲಿದ್ದಾರೆ. ನಗರದ ದಕ್ಷಿಣ ಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ದುಡಿಯುವ ದಂಪತಿಗಳು ಬಹಳ. ಬಿ.ಟಿ.ಎಂ. ಎಂಬ ಹೆಸರೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರಗಳಿಂದ ಆದುದು. ಹಳ್ಳಿಗಳಿದ್ದ ಸ್ಥಳದಲ್ಲಿ ಈಗ ಮನೆಯ ಮೇಲೆ ಮನೆ ಎದ್ದಿದೆ. ಮೇಲಿನ ಮನೆಯಲ್ಲಿ ಹೆರಿಗೆಯಾದದ್ದು ಕೆಳಗಿನ ಮನೆಯವರಿಗೆ ತಿಳಿಯದಿರುವುದೂ ಉಂಟು.

ದುಡಿಯುವ ಹೆಣ್ಣಿಗೆ ಕಾನೂನು ರಜೆಯನ್ನು ಕೊಟ್ಟಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. ತಾಯಿಯ ದೇಹ ಚೇತರಿಸಿಕೊಳ್ಳಲಿ, ಶಿಶುವಿಗೆ ಆರು ತಿಂಗಳು ಎದೆಹಾಲು ದೊರೆಯಲಿ ಎಂಬುದೇ ಇದರ ಆಶಯ. ಆದರೆ ರಜೆ ದೊರೆತ ಮಾತ್ರಕ್ಕೆ ಜೊತೆ ದೊರೆಯುವುದಿಲ್ಲ. ಗಂಡ ಕೆಲಸಕ್ಕೆ ಹೋದ ಮೇಲೆ ಬಾಣಂತಿಯು ನಾಲ್ಕು ಗೋಡೆಗಳ ನಡುವೆ ಕೂಸಿನೊಡನೆ ಒಬ್ಬಳೇ ಉಳಿಯುತ್ತಾಳೆ.

ಇದು ಪಟ್ಟಣದ ಮಾತು, ನಮಗೆ ಸಂಬಂಧಿಸಿದ್ದಲ್ಲ ಎಂದು ಎಣಿಸಬೇಡಿ. ಹಳ್ಳಿಯ ತುಂಬಿದ ಮನೆಯಲ್ಲಿಯೂ ಸೊಸೆಯನ್ನು ಕತ್ತಲೆ ಕೋಣೆಯಲ್ಲಿರಿಸಿ, ಅವಳ ವಯಸ್ಸಿನವರು ಯಾರೂ ಬಳಿಗೆ ಸುಳಿಯದಂತೆ ಮಾಡಿದರೆ ಅವಳೂ ಒಂಟಿಯೇ.

2. ಒಂದು ಅನುಭವ

ಈ ಪಾಠವನ್ನು ಬರೆಯುತ್ತಿರುವ ನಾನು ಸರ್ಕಾರಿ ವೈದ್ಯಾಧಿಕಾರಿ, ತಾಯಿಯೂ ಹೌದು. ಮೊದಲ ಮಗು ಹುಟ್ಟಿದಾಗ 180 ದಿನಗಳ ಹೆರಿಗೆ ರಜೆಯ ಮೇಲೆ ಜೆ.ಪಿ. ನಗರದ ಬಾಡಿಗೆ ಮನೆಯಲ್ಲಿದ್ದೆನು. ನನ್ನ ತಾಯಿ ಒಂದು ತಿಂಗಳು ಜೊತೆಗಿದ್ದು, ಊರಿನಲ್ಲಿ ರಾಗಿ ಕೊಯ್ಲು ಬಂದುದರಿಂದ ಹಿಂದಿರುಗಿದರು. ಪತಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಿದ್ದರು.

ಹಾಲೂಡಿಸುವ ಕ್ರಮವನ್ನು ನೂರಾರು ತಾಯಂದಿರಿಗೆ ಹೇಳಿಕೊಟ್ಟಿದ್ದ ನನಗೆ ನನ್ನ ಮಗುವಿಗೇ ಸರಿಯಾಗಿ ಹಾಲೂಡಿಸಲು ಬರಲಿಲ್ಲ. ಮೊಲೆತೊಟ್ಟು ಬಿರಿದು ರಕ್ತ ಒಸರುತ್ತಿತ್ತು. ಮಗು ಅತ್ತರೆ ನಾನೂ ಅಳುತ್ತಿದ್ದೆನು. ವೈದ್ಯಳಾದವಳಿಗೇ ಬಾರದೆಂದರೆ ಜನ ಏನೆಂದಾರು ಎಂಬ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಆರನೆಯ ವಾರದ ಲಸಿಕೆಗಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿ ಬೆಂಚಿನ ಮೇಲೆ ಕುಳಿತಿದ್ದೆನು. ಪಕ್ಕದಲ್ಲಿ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ, ತುಮಕೂರು ಕಡೆಯ ತಾಯಿಯೊಬ್ಬಳಿದ್ದಳು. ಅವಳಿಗೆ ಅದು ಎರಡನೆಯ ಕೂಸು. ನಾನು ಯಾರೆಂದು ಅವಳಿಗೆ ತಿಳಿಯದು. ಸ್ವಲ್ಪ ಹೊತ್ತು ನನ್ನನ್ನು ನೋಡಿ, “ಅಕ್ಕಾ, ಕೂಸಿನ ತಲೆ ಮಾತ್ರ ತಿರುಗಿಸಿದರೆ ಹೇಗೆ? ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ. ಬಾಯಿ ಅಗಲವಾಗಿ ತೆಗೆಯುವ ತನಕ ಕಾಯಿರಿ” ಎಂದು ಕೈಹಿಡಿದು ತೋರಿಸಿದಳು. ನಾನು ಪುಸ್ತಕದಲ್ಲಿ ಓದಿದ್ದುದೂ ಅದೇ. ಆದರೆ ಆ ದಿನ ನನಗೆ ಬೇಕಾಗಿದ್ದುದು ಪುಸ್ತಕವಲ್ಲ, ಪಕ್ಕದಲ್ಲಿ ಕುಳಿತ ಇನ್ನೊಬ್ಬ ತಾಯಿ. ಒಂದು ವಾರದೊಳಗೆ ನೋವು ಇಳಿಯಿತು.

ಹತ್ತನೆಯ ವಾರದ ಲಸಿಕೆಗೆ ಹೋದಾಗ ಇನ್ನಿಬ್ಬರು ಪರಿಚಯವಾದರು. ಹದಿನಾಲ್ಕನೆಯ ವಾರದ ಹೊತ್ತಿಗೆ ನಾವು ಐವರಾಗಿದ್ದೆವು. ವಾರಕ್ಕೆರಡು ಸಂಜೆ ಜೆ.ಪಿ. ನಗರದ ಮಿನಿ ಫಾರೆಸ್ಟ್ ಉದ್ಯಾನದ ಮರಗಳ ಕೆಳಗೆ ಸೇರುತ್ತಿದ್ದೆವು. ಮಾತು ದೊಡ್ಡದೇನೂ ಅಲ್ಲ: ರಾತ್ರಿಯ ನಿದ್ದೆ, ಸೊಂಟದ ನೋವು, ಕೂಸಿನ ಮಲದ ಬಣ್ಣ, ಅತ್ತೆಯವರ ಮಾತು, ರಜೆ ಮುಗಿದ ಮೇಲಿನ ಚಿಂತೆ.

ನಾಲ್ಕನೆಯ ತಿಂಗಳಲ್ಲಿ ನಮ್ಮಲ್ಲೊಬ್ಬಳು ಎರಡು ವಾರ ಬರಲಿಲ್ಲ. ಮನೆಗೆ ಹೋಗಿ ನೋಡಿದೆವು. ಅವಳು ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. “ಮಗುವನ್ನು ಮುಟ್ಟಲು ಭಯವಾಗುತ್ತದೆ. ನಾನಿಲ್ಲದಿದ್ದರೆ ಇದಕ್ಕೇ ಒಳ್ಳೆಯದು” ಎಂದಳು. ಮನೆಯವರು ದೃಷ್ಟಿ ತಗುಲಿದೆಯೆಂದು ತಾಯಿತ ಕಟ್ಟಿಸಿದ್ದರು. ಅವರಿಗೆ ಸಮಾಧಾನವಾಗಿ ವಿವರಿಸಿ, ಅಂದೇ ಅವಳನ್ನು ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಕರೆದೊಯ್ದೆವು. ಮಾನಸಿಕ ಕಾಯಿಲೆಯಾದ ಬಾಣಂತಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವು ಅಲ್ಲಿ 2009ರಲ್ಲಿ ಆರಂಭವಾಯಿತು. ಅವಳು ಕೆಲವು ತಿಂಗಳಲ್ಲಿ ಗುಣಮುಖಳಾಗಿ ಕೆಲಸಕ್ಕೆ ಮರಳಿದಳು.

ನಾನು ವೈದ್ಯಳಾದುದರಿಂದ ಇದು ತಿಳಿಯಿತೆಂದು ಭಾವಿಸಬೇಡಿ. “ಅವಳು ಯಾಕೋ ಬರಲಿಲ್ಲ, ಹೋಗಿ ನೋಡೋಣ” ಎಂದು ಮೊದಲು ಹೇಳಿದವಳು ಹೊಲಿಗೆ ಕೆಲಸದ ಆ ತಾಯಿಯೇ.

3. ಒಡನಾಟದಿಂದ ಆಗುವ ಪ್ರಯೋಜನಗಳು

ಮೊದಲನೆಯದು, ಹಾಲೂಡಿಕೆ ಸುಲಭವಾಗುತ್ತದೆ. ನವಜಾತ ಶಿಶು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುವುದು ಸಹಜ. ಇದನ್ನರಿಯದ ತಾಯಿ ತನಗೆ ಹಾಲು ಸಾಲದೆಂದು ಹೆದರಿ ಡಬ್ಬಿಯ ಪುಡಿಹಾಲಿಗೆ ಮೊರೆಹೋಗುತ್ತಾಳೆ. ಪಕ್ಕದ ಮನೆಯ ಕೂಸೂ ಹಾಗೆಯೇ ಎಂದು ಕಂಡಾಗ ಅವಳ ಹೆದರಿಕೆ ಹೋಗುತ್ತದೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು. ನೀರು, ಜೇನು, ಸಕ್ಕರೆನೀರು ಯಾವುದೂ ಬೇಡ.

ಎರಡನೆಯದು, ಶಿಶುಗಳ ಪ್ರಾಣರಕ್ಷಣೆಗೆ ನೆರವಾಗುತ್ತದೆ. ಇದು ಕೇವಲ ಊಹೆಯಲ್ಲ. 2005ರಿಂದ 2008ರವರೆಗೆ ಜಾರ್ಖಂಡ್ ಮತ್ತು ಒಡಿಶಾದ ಮೂರು ಹಿಂದುಳಿದ ಜಿಲ್ಲೆಗಳ ಹಳ್ಳಿಗಳಲ್ಲಿ ಏಕಜುಟ್ ಎಂಬ ಸಂಸ್ಥೆಯು ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಸೇರಿಸಿತು. ಅವರು ಬಸಿರು, ಹೆರಿಗೆ, ಕೂಸಿನ ಆರೈಕೆಯ ತೊಂದರೆಗಳನ್ನು ತಾವೇ ಚರ್ಚಿಸಿ ಪರಿಹಾರ ಕಂಡುಕೊಂಡರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗುಂಪುಗಳಿದ್ದ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ ಪ್ರಮಾಣವು ಗುಂಪುಗಳಿಲ್ಲದ ಹಳ್ಳಿಗಳಿಗಿಂತ ಮೂರು ವರ್ಷಗಳಲ್ಲಿ ಶೇಕಡ 32ರಷ್ಟು ಕಡಿಮೆಯಿದ್ದಿತು.

ಮೂರನೆಯದು, ಮನಸ್ಸಿನ ಭಾರ ಇಳಿಯುತ್ತದೆ. ಕಾಯಿಲೆಯಿದ್ದರೆ ಬೇಗ ಗೊತ್ತಾಗುತ್ತದೆ.

ನಾಲ್ಕನೆಯದು, ಮುಂದಿನ ಮಗುವಿನ ವಿಚಾರವನ್ನು ಸಂಕೋಚವಿಲ್ಲದೆ ಮಾತನಾಡಲು ಸಾಧ್ಯವಾಗುತ್ತದೆ. ಎರಡು ಮಕ್ಕಳ ನಡುವೆ ಮೂರು ವರ್ಷಗಳ ಅಂತರ ತಾಯಿಗೂ ಮಗುವಿಗೂ ಹಿತಕರ. ವಂಕಿ, ನಿರೋಧ್, ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ ಇವುಗಳ ಬಗ್ಗೆ ಬಳಸಿದವರಿಂದ ಕೇಳಿ ತಿಳಿದು, ಬಳಿಕ ವೈದ್ಯರೊಡನೆ ಸಮಾಲೋಚಿಸಿ ದಂಪತಿಗಳಿಬ್ಬರೂ ನಿರ್ಧರಿಸಬೇಕು.

4. ಬೇಸರವೋ, ಕಾಯಿಲೆಯೋ?

ಹೆರಿಗೆಯಾದ ಕೆಲವು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಚಂಚಲವಾಗುವುದು ಬಹಳ ಮಂದಿಗೆ ಆಗುತ್ತದೆ. ಅದು ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎರಡು ವಾರಗಳ ನಂತರವೂ ಮುಂದುವರಿದರೆ, ಅಥವಾ ಅನಂತರದ ತಿಂಗಳುಗಳಲ್ಲಿ ಹೊಸದಾಗಿ ಕಾಣಿಸಿಕೊಂಡರೆ, ಅದನ್ನು ಖಿನ್ನತೆಯೆಂಬ ಕಾಯಿಲೆಯೆಂದು ಶಂಕಿಸಬೇಕು. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ 100 ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಇದು ಬರುತ್ತದೆ. ಇದು ಅವಳ ಸೋಮಾರಿತನವಲ್ಲ, ಗ್ರಹಚಾರವಲ್ಲ, ತಾಯ್ತನದ ಕೊರತೆಯೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ.

ಈ ಲಕ್ಷಣಗಳನ್ನು ಗಮನಿಸಿರಿ:

(ಅ) ಮಗು ಮಲಗಿದ್ದರೂ ತಾಯಿಗೆ ನಿದ್ದೆ ಬಾರದಿರುವುದು;
(ಆ) ಊಟ, ಸ್ನಾನ, ಮಾತು ಯಾವುದೂ ಬೇಡವೆನಿಸುವುದು;
(ಇ) ಮಗುವಿನ ಮೇಲೆ ಮಮತೆಯಿಲ್ಲದಿರುವುದು ಅಥವಾ ಅತಿಯಾದ ಭಯ;
(ಈ) ತಾನು ಯಾವುದಕ್ಕೂ ಬಾರದವಳೆಂಬ ಮಾತು.

ತಾನು ಸಾಯಬೇಕೆಂದಾಗಲಿ, ಮಗುವಿಗೆ ಹಾನಿಮಾಡುವ ಮಾತಾಗಲಿ ಬಾಯಿಂದ ಬಂದರೆ, ಇಲ್ಲದ ಧ್ವನಿಗಳು ಕೇಳಿಸುತ್ತವೆ ಎಂದರೆ, ಒಂದು ಗಳಿಗೆಯೂ ಅವಳನ್ನು ಒಬ್ಬಳೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆತರತಕ್ಕದ್ದು. 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಮನಸ್ಸಿನ ತೊಂದರೆಯ ಬಗ್ಗೆ ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

5. ನಿಮ್ಮ ಊರಿನಲ್ಲಿ ಎಲ್ಲಿ ಸೇರಬಹುದು?

ಪಟ್ಟಣದ ತಾಯಿಗೆ ಉದ್ಯಾನವಿದ್ದರೆ, ಹಳ್ಳಿಯ ತಾಯಿಗೆ ಅಂಗನವಾಡಿಯಿದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ಬಡಿಸುವ ಉದ್ದೇಶದಿಂದ ರೂಪಿತವಾಯಿತು. ಬಾಣಂತಿ ಹೊಸಿಲು ದಾಟಬಾರದೆಂಬ ಸಂಪ್ರದಾಯದಿಂದ ಕೆಲವು ಮನೆಗಳಲ್ಲಿ ಅವಳನ್ನು ಕಳುಹಿಸಲು ಹಿಂಜರಿಯುತ್ತಾರೆ. ಹೆರಿಗೆಯ ನೋವು ಮಾಗಿ ನಡೆದಾಡುವ ಶಕ್ತಿ ಬಂದ ಮೇಲೆ ನಾಲ್ಕು ಹೆಜ್ಜೆ ನಡೆದು ಬರುವುದರಿಂದ ಅವಳಿಗೆ ಒಳ್ಳೆಯದೇ ಆಗುತ್ತದೆ. ಅಲ್ಲಿ ಊಟದೊಡನೆ ಅವಳಿಗೆ ಸಮವಯಸ್ಕರ ಮಾತೂ ದೊರೆಯುತ್ತದೆ.

ಲಸಿಕೆಯ ದಿನವೂ ಒಳ್ಳೆಯ ಅವಕಾಶ. 6, 10 ಮತ್ತು 14ನೆಯ ವಾರಗಳಲ್ಲಿ ಒಂದೇ ವಯಸ್ಸಿನ ಕೂಸುಗಳು ಒಂದೇ ಕಡೆ ಸೇರುತ್ತವೆ. ಚುಚ್ಚುಮದ್ದು ಹಾಕಿಸಿದ ಮೇಲೆ ಹೇಗೂ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಆ ಅರ್ಧ ಗಂಟೆಯಲ್ಲಿ ಪಕ್ಕದವಳ ಹೆಸರು, ಊರು ಕೇಳಿ ಪರಿಚಯ ಮಾಡಿಕೊಳ್ಳಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುತ್ತಾಳೆ. ಊರಿನಲ್ಲಿ ಇನ್ಯಾರಿಗೆ ಹೆರಿಗೆಯಾಗಿದೆಯೆಂದು ಅವಳನ್ನು ಕೇಳಿರಿ. ಮಗಳು ಬೆಂಗಳೂರಿನಲ್ಲಿದ್ದರೆ ಅವಳಿಗೂ ಇದನ್ನೇ ಹೇಳಿರಿ: ಹತ್ತಿರದ ಆರೋಗ್ಯ ಕೇಂದ್ರ, ಅಂಗನವಾಡಿ, ಉದ್ಯಾನ ಎಲ್ಲಿದೆಯೆಂದು ಹೆರಿಗೆಗೆ ಮುಂಚೆಯೇ ತಿಳಿದುಕೊಂಡಿರಲಿ.

6. ಸೇರುವಾಗ ವಹಿಸಬೇಕಾದ ಎಚ್ಚರಿಕೆಗಳು

(ಅ) ಕೂಸನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈತೊಳೆಯಬೇಕು. ಮುಖಕ್ಕೆ ಮುತ್ತಿಡುವುದು ಬೇಡ.
(ಆ) ನೆಗಡಿ, ಕೆಮ್ಮು, ಜ್ವರ ಇರುವವರು ಅಂದು ಬರಬಾರದು.
(ಇ) ತಿಂಗಳು ತುಂಬುವ ಮುನ್ನ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಕೂಸನ್ನು ಹೊರಗೆ ತರುವ ಮೊದಲು ವೈದ್ಯರನ್ನು ಕೇಳಬೇಕು.
(ಈ) ಒಂದು ಕೂಸಿನ ತೂಕವನ್ನು ಇನ್ನೊಂದರ ತೂಕಕ್ಕೆ ಹೋಲಿಸಿ ಕೊರಗಬಾರದು. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಯೇ ಅಳತೆಗೋಲು.
(ಉ) ಗೆಳತಿಯ ಮಾತು ಧೈರ್ಯಕ್ಕೆ ಒಳ್ಳೆಯದು, ಔಷಧಿಗೆ ಅಲ್ಲ. ಕೂಸಿಗೆ ಜ್ವರ, ಹಾಲು ಕುಡಿಯದಿರುವುದು, ಏದುಸಿರು, ತಾಯಿಗೆ ಜ್ವರ ಅಥವಾ ಹೆಚ್ಚು ರಕ್ತಸ್ರಾವ ಕಂಡರೆ ಚರ್ಚೆಯಲ್ಲಿ ಕಾಲಹರಣ ಮಾಡದೆ ಆಸ್ಪತ್ರೆಗೆ ಬರಬೇಕು.

7. ಪತಿಯ ಕರ್ತವ್ಯ

ಇದು ಹೆಂಗಸರ ಮಾತೆಂದು ಪತಿಯು ಪುಟ ಮಗುಚಬಾರದು. ವಾರಕ್ಕೆರಡು ದಿನ ಒಂದು ಗಂಟೆ ಹೊರಗೆ ಹೋಗಿ ಬಾ ಎಂದು ಹೆಂಡತಿಗೆ ಮೊದಲು ಹೇಳಬೇಕಾದವನು ಅವನೇ. “ಊರ ಹರಟೆ” ಎಂದು ಹಿರಿಯರು ಆಕ್ಷೇಪಿಸಿದರೆ ಅವರಿಗೆ ಗೌರವದಿಂದ ತಿಳಿಹೇಳಬೇಕಾದವನೂ ಅವನೇ. ಲಸಿಕೆಯ ದಿನ ತಾನೇ ಕೂಸನ್ನೆತ್ತಿಕೊಂಡು ಹೋದರೆ ಇತರ ತಂದೆಯರ ಪರಿಚಯವಾಗುತ್ತದೆ. ಅವರಿಗೂ ಹೇಳಿಕೊಳ್ಳಲು ಚಿಂತೆಗಳಿರುತ್ತವೆ. ಸಂಜೆ ಮನೆಗೆ ಬಂದಾಗ “ಮಗು ಹೇಗಿದೆ?” ಎಂದು ಕೇಳುವ ಮೊದಲು “ನೀನು ಹೇಗಿದ್ದೀಯೆ?” ಎಂದು ಕೇಳಿರಿ. ಅವಳು ಉತ್ತರ ಹೇಳಿ ಮುಗಿಸುವ ತನಕ ಕುಳಿತು ಕೇಳಿರಿ.

ಯೋಚಿಸಿ ಉತ್ತರಿಸಿರಿ

1. ನಿಮ್ಮ ಊರಿನಲ್ಲಿ ಕಳೆದ ಮೂರು ತಿಂಗಳಲ್ಲಿ ಹೆತ್ತ ತಾಯಂದಿರು ಯಾರು ಯಾರು? ಅವರಲ್ಲಿ ಎಷ್ಟು ಮಂದಿ ಒಬ್ಬರನ್ನೊಬ್ಬರು ಕಂಡು ಮಾತನಾಡಿದ್ದಾರೆ?
2. ಬಾಣಂತಿಯ ಅಳು ಎಷ್ಟು ದಿನಗಳಾದ ಮೇಲೆ ಕಾಯಿಲೆಯ ಲಕ್ಷಣವೆಂದು ಶಂಕಿಸಬೇಕು?
3. ದಿನವೂ ಕಾಣುತ್ತಿದ್ದ ಬಾಣಂತಿ ಒಂದು ವಾರ ಕಾಣದಿದ್ದರೆ ನೀವು ಏನು ಮಾಡುತ್ತೀರಿ?

ಮೂರನೆಯ ಪ್ರಶ್ನೆಯ ಉತ್ತರವನ್ನು ಬರೆಯಬೇಕಾಗಿಲ್ಲ. ಎದ್ದು ಆ ಮನೆಗೆ ಹೋಗಿ ಬಾಗಿಲು ತಟ್ಟಿದರೆ ಸಾಕು.