ಕೂಸಿನ ಜೊತೆ ಕಡಲಾಚೆಯ ನೆಂಟರ ಮನೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಅಣ್ಣನೋ ಅಕ್ಕನೋ ಅಮೆರಿಕದಲ್ಲಿ, ದುಬೈಯಲ್ಲಿ ಇರುವ ಮನೆಗಳು ಈಗ ಅಪರೂಪವಲ್ಲ. ಅವರು ಕರೆಯುತ್ತಾರೆ, ನಾವು ಚಿಕ್ಕ ಮಗುವನ್ನು ಕರೆದುಕೊಂಡು ಹೊರಡುತ್ತೇವೆ. ಮಗುವಿಗೆ ಅತ್ತಿ, ಮಾವ, ದೊಡ್ಡಪ್ಪನ ಮಕ್ಕಳ ಬಳಕೆ ಆಗಬೇಕು ಎಂಬುದೇ ಈ ಪ್ರಯಾಣದ ಮುಖ್ಯ ಉದ್ದೇಶ. ಉಳಿದ ಏರ್ಪಾಡುಗಳೆಲ್ಲ ಅದಕ್ಕೆ ಅನುಕೂಲವಾಗುವಂತೆ ಇರಲಿ.

1. ಮೊದಲು ಹೆಸರು ಸರಿಮಾಡಿ, ಟಿಕೆಟ್ ಆಮೇಲೆ. ಮಗುವಿನ ಜನನ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡಿ. ಹೆರಿಗೆಯಾದ ದಿನ ದಾಖಲಾದ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಉಳಿದಿರಬಹುದು. ತೊಟ್ಟಿಲು ಶಾಸ್ತ್ರದ ನಂತರ ಅದನ್ನು ಸೇರಿಸುವುದು ಮರೆತೇ ಹೋಗಿರುತ್ತದೆ. 2023ರ ಅಕ್ಟೋಬರ್ 1 ಮತ್ತು ಅದರ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟ್‌ಗೆ ಹುಟ್ಟಿದ ದಿನದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ. ನಮ್ಮ ಕಡೆಯ ಕೊಟ್ರೇಶ, ಕೊಟ್ರಮ್ಮ, ಗುರುಬಸವರಾಜ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಅಪ್ಪನ ಪಾಸ್‌ಪೋರ್ಟ್, ಅವ್ವನ ಆಧಾರ್, ಮಗುವಿನ ಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿ ಬರೆಸಿ. ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿ: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಸಂದರ್ಶಕ ವೀಸಾ ಕೊಡುವುದನ್ನು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲೇ ಬಿಗಿಗೊಳಿಸಿದೆ.

2. ಪಾಸ್‌ಪೋರ್ಟಿಗೆ ಬೆಂಗಳೂರಿನವರೆಗೆ ಅಲೆಯಬೇಕಿಲ್ಲ. ಬಳ್ಳಾರಿ ಮತ್ತು ದಾವಣಗೆರೆಯ ಅಂಚೆ ಕಚೇರಿಗಳಲ್ಲೇ ಸೇವಾ ಕೇಂದ್ರಗಳಿವೆ. ಕೂಡ್ಲಿಗಿಯವರಿಗೆ ಬಳ್ಳಾರಿ, ಹರಪನಹಳ್ಳಿಯವರಿಗೆ ದಾವಣಗೆರೆ ಹತ್ತಿರ. ತಂದೆತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಎಂಬ ಘೋಷಣಾ ಪತ್ರ ಒಯ್ಯಿರಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಷ್ಯ. ಬಹಳ ದೇಶಗಳು ಇನ್ನೂ ಆರು ತಿಂಗಳು ಚಾಲ್ತಿ ಇರಬೇಕು ಎನ್ನುವುದರಿಂದ, ಅಂತ್ಯದ ದಿನಾಂಕ ನೋಡಿಕೊಂಡೇ ಹೊರಡುವ ತಿಂಗಳು ಗೊತ್ತುಮಾಡಿ. ಬಿತ್ತನೆಗೋ ಅಂಗಡಿಗೋ ಅಪ್ಪ ಊರಲ್ಲೇ ಉಳಿದು ತಾಯಿ ಮಗು ಮಾತ್ರ ಹೋಗುವುದಾದರೆ, ಅಪ್ಪನ ಒಪ್ಪಿಗೆ ಪತ್ರಕ್ಕೆ ನೋಟರಿ ಮಾಡಿಸಿ ಕೈಚೀಲದಲ್ಲಿಡಿ.

3. ವೀಸಾ ನಿಯಮವನ್ನು ಹೋಗಿ ಬಂದವರ ಬಾಯಿಂದ ಕೇಳಿ ನಂಬಬೇಡಿ. ಅದು ವರ್ಷವರ್ಷ ಬದಲಾಗುತ್ತದೆ. ಅಮೆರಿಕ ವೀಸಾಕ್ಕೆ 14 ವರ್ಷದೊಳಗಿನ ಮಕ್ಕಳಿಗಿದ್ದ ಸಂದರ್ಶನದ ವಿನಾಯಿತಿ 2025ರ ಸೆಪ್ಟೆಂಬರಿನಿಂದ ಬಹುಮಟ್ಟಿಗೆ ಹೋಗಿದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಆರು ವರ್ಷದೊಳಗಿನ ಮಗುವಿಗೆ ಶುಲ್ಕವಿಲ್ಲ, ಆದರೆ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಕಡ್ಡಾಯವಿಲ್ಲದ ದೇಶಕ್ಕೂ ಮಗುವಿಗೆ ವಿಮೆ ಮಾಡಿಸಿ. ಅಮೆರಿಕದಲ್ಲಿ ಒಂದು ರಾತ್ರಿಯ ತುರ್ತು ಚಿಕಿತ್ಸೆಯ ಬಿಲ್ಲು ಕರೆದ ನೆಂಟರನ್ನೂ ಕಂಗೆಡಿಸುತ್ತದೆ.

4. ಕಾಲ ಆರಿಸುವಾಗ ಅಲ್ಲಿನ ಮಕ್ಕಳ ಶಾಲೆ ನೋಡಿ. ನಮ್ಮ ರಜೆ ಏಪ್ರಿಲ್, ಮೇ. ಅಮೆರಿಕದ ರಜೆ ಜೂನ್‌ನಿಂದ ಆಗಸ್ಟ್. ಮೇ ಕೊನೆಯಲ್ಲಿ ಹೊರಟು ಜೂನ್‌ನಲ್ಲಿ ಕೆಲವು ದಿನ ಶಾಲೆ ತಪ್ಪಿಸಿದರೂ ಪರವಾಗಿಲ್ಲ, ಮಕ್ಕಳಿಗೆ ಒಟ್ಟಿಗೆ ಆಡಲು ಹಗಲು ಸಿಗಬೇಕು. ದುಬೈಗಾದರೆ ಬೇಸಿಗೆ ಬೇಡವೇ ಬೇಡ. ದಸರಾ ರಜೆಯೋ ಡಿಸೆಂಬರೋ ವಾಸಿ.

5. ಎರಡು ವರ್ಷದ ಗಡಿ ನೆನಪಿಡಿ. ಎರಡು ತುಂಬದ ಮಗು ತೊಡೆಯ ಮೇಲೆ ಕೂತು ಕಡಿಮೆ ದರದಲ್ಲಿ ಹೋಗಬಹುದು. ಅಲ್ಲಿದ್ದಾಗಲೇ ಎರಡು ತುಂಬಿದರೆ ಬರುವಾಗ ಪ್ರತ್ಯೇಕ ಸೀಟು ಬೇಕು. ತೊಟ್ಟಿಲು ಸಿಗುವ ಮುಂದಿನ ಸಾಲಿನ ಸೀಟುಗಳು ಕೆಲವೇ ಇರುತ್ತವೆ. ಟಿಕೆಟ್ ಮಾಡಿಸಿದ ದಿನವೇ ಫೋನ್ ಮಾಡಿ ಕೇಳಿ, ಮಗುವಿನ ತೂಕ ಹೇಳಿ.

6. ಉಡಿಯ ಕೊಬ್ಬರಿ ಮನೆಯಲ್ಲೇ ಇರಲಿ. ದೂರ ಹೊರಟ ಮಗಳಿಗೆ, ಸೊಸೆಗೆ ಉಡಿ ತುಂಬದೆ ಕಳಿಸುವ ರೂಢಿ ನಮ್ಮಲ್ಲಿಲ್ಲ, ಬಿಡಲೂಬಾರದು. ಆದರೆ ಒಣ ಕೊಬ್ಬರಿಯಲ್ಲಿರುವ ಎಣ್ಣೆಯಿಂದ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಅಪಾಯ ಇರುವುದರಿಂದ ವಿಮಾನದ ಸಾಮಾನಿನಲ್ಲಿ ಅದಕ್ಕೆ ನಿಷೇಧವಿದೆ. ಅಮೆರಿಕದವರು ಭಾರತದಿಂದ ತಂದ ಅಕ್ಕಿಯನ್ನೂ ಧಾನ್ಯದ ಹುಳುವಿನ ಭಯದಿಂದ ಒಳಗೆ ಬಿಡುವುದಿಲ್ಲ. ಆದ್ದರಿಂದ ಎರಡು ದಿನ ಮೊದಲೇ ಉಡಿ ತುಂಬಿಸಿ, ಆ ಅಕ್ಕಿ ಕೊಬ್ಬರಿಯಲ್ಲೇ ಪಾಯಸ ಮಾಡಿ, ಎಲ್ಲರೂ ಕೂತು ಉಂಡು ಹೊರಡಿ. ಹಿರಿಯರಿಗೂ ಸಮಾಧಾನ, ಚೀಲವೂ ಹಗುರ.

ದುಬೈ ಕಡೆ ಹೊರಟವರು ಗಸಗಸೆಯ ಒಂದು ಕಾಳೂ ಚೀಲದಲ್ಲಿ ಉಳಿಯದಂತೆ ನೋಡಿಕೊಳ್ಳಿ. ಅಲ್ಲಿ ಅದನ್ನು ಮಾದಕವಸ್ತುವಿನ ಸಾಲಿಗೆ ಸೇರಿಸಿದ್ದಾರೆ, ಜೈಲಿನವರೆಗೆ ಹೋಗುವ ಮಾತು. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಹಾಗೆಯೇ. ಅಮೆರಿಕಕ್ಕೆ ಹಸಿ ಕರಿಬೇವು ಸಲ್ಲದು. ಬ್ರಿಟನ್, ಯುರೋಪಿಗೆ ತುಪ್ಪ, ಪೇಡ ಸಲ್ಲವು, ಮಗುವಿನ ಡಬ್ಬಿ ಹಾಲಿನ ಪುಡಿಗೆ ಮಾತ್ರ ವಿನಾಯಿತಿ ಇದೆ. ಅತ್ತಿಗೆ ಎಂದು ಕಟ್ಟಿಸಿದ ಹಡಗಲಿ ಮಲ್ಲಿಗೆಯ ಮಾಲೆಯನ್ನು ವಿಮಾನ ನಿಲ್ದಾಣದವರೆಗೆ ಮುಡಿದುಕೊಂಡು ಹೋಗಿ, ಅಲ್ಲಿಂದಾಚೆಗೆ ಬೇಡ.

ಹಾಗಾದರೆ ಏನು ಒಯ್ಯೋಣ? ಖಡಕ್ ಜೋಳದ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಚಟ್ನಿಪುಡಿ. ಆಯಾ ದೇಶದ ಪಟ್ಟಿ ಒಮ್ಮೆ ನೋಡಿ, ಒಯ್ದದ್ದನ್ನೆಲ್ಲ ಅಲ್ಲಿ ಇಳಿದ ಮೇಲೆ ಫಾರಂನಲ್ಲಿ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಶೇಂಗಾ ಚಿಕ್ಕಿಯನ್ನು ಮಾತ್ರ ಅಲ್ಲಿನ ಮಕ್ಕಳ ಶಾಲೆಗೋ ಆಟದ ಗುಂಪಿಗೋ ಒಯ್ಯಬೇಡಿ. ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ತುಣುಕೂ ಜೀವಕ್ಕೆ ಎರವಾಗಬಹುದು.

7. ರಾತ್ರಿ ಬಸ್ಸಿನಲ್ಲಿ ಬಂದು ಅದೇ ದಿನ ವಿಮಾನ ಹತ್ತಬೇಡಿ. ಕೂಡ್ಲಿಗಿಯಿಂದ ಚಿತ್ರದುರ್ಗ, ಹರಪನಹಳ್ಳಿಯಿಂದ ದಾವಣಗೆರೆ ಮುಟ್ಟಿದರೆ ಹೆದ್ದಾರಿ 48 ಸಿಗುತ್ತದೆ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ದಟ್ಟಣೆ ತಪ್ಪುತ್ತದೆ. ಬೆಳಿಗ್ಗೆ ಉಂಡು ಹೊರಟು, ದೇವನಹಳ್ಳಿಯಲ್ಲಿ ರೂಮು ಹಿಡಿದು, ಮಗುವಿಗೆ ಸ್ನಾನ, ಊಟ, ನಿದ್ದೆ ಆದ ಮೇಲೆ ನಿಲ್ದಾಣಕ್ಕೆ ಹೋಗಿ. ವಿದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ.

8. ವಿಮಾನ ಏರುವಾಗ, ಇಳಿಯುವಾಗ ಮಗು ಏನನ್ನಾದರೂ ಚೀಪುತ್ತಿರಲಿ, ಕಿವಿನೋವು ಕಡಿಮೆಯಾಗುತ್ತದೆ. ಎರಡು ಜೊತೆ ಬಟ್ಟೆ, ಓಆರ್‌ಎಸ್, ವೈದ್ಯರ ಚೀಟಿ ಸಮೇತ ಜ್ವರದ ಔಷಧ, ಲಸಿಕೆಯ ಕಾರ್ಡ್ ಕೈಚೀಲದಲ್ಲೇ ಇರಲಿ.

9. ಕಾರಿನ ಮಕ್ಕಳ ಸೀಟನ್ನು ಮೊದಲೇ ಹೇಳಿ ತರಿಸಿ. ನಮ್ಮಲ್ಲಿ ಕೂಸನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತೇವೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅದು ಕಾನೂನಿಗೆ ವಿರುದ್ಧ. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ ಆಗುವವರೆಗೂ ಬೇರೆ ಸೀಟು ಬೇಕು. ಮಾವ ಕರೆದೊಯ್ಯಲು ಬರುವ ಕಾರಿನಲ್ಲೇ ಅದು ಇರಬೇಕು.

10. ಮೊದಲ ವಾರ ಎಲ್ಲಿಗೂ ಹೋಗಬೇಡಿ. ಹನ್ನೆರಡು ಗಂಟೆಯ ಅಂತರವಿದ್ದಲ್ಲಿ ಮಗು ನಡುರಾತ್ರಿ ಎದ್ದು ಆಟಕ್ಕೆ ಕೂರುತ್ತದೆ, ಗದರಬೇಡಿ. ಬೆಳಿಗ್ಗೆ ಬಿಸಿಲಿಗೆ ಕರೆದೊಯ್ಯಿರಿ, ಹಗಲ ನಿದ್ದೆ ಮೊಟಕು ಮಾಡಿ. ಡಿಸ್ನಿಲ್ಯಾಂಡಿನ ಟಿಕೆಟ್ಟಿಗಿಂತ, ನೆಂಟರ ಮಕ್ಕಳ ಜೊತೆ ಹಿತ್ತಲಲ್ಲಿ ಕಳೆದ ಮಧ್ಯಾಹ್ನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

11. ಊರನ್ನು ಮಗುವೇ ತೋರಿಸಲಿ. ಹೊರಡುವ ಮೊದಲು ಫೋಟೋಗಳ ಪುಟ್ಟ ಪುಸ್ತಕ ಮಾಡಿಸಿ: ಕೊಟ್ಟೂರಿನ ತೇರು, ಗುಡೇಕೋಟೆ ಧಾಮದ ಕರಡಿ, 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ ಅಂಕಸಮುದ್ರದ ಹಕ್ಕಿಗಳು, ಅಜ್ಜನ ಹೊಲ. ಕನ್ನಡ ಕಡಿಮೆ ಬರುವ ಅಣ್ಣ ಅಕ್ಕಂದಿರ ಮುಂದೆ ಅದನ್ನು ತೆರೆದಾಗ ಹೇಳಲು ನಿಮ್ಮ ಮಗುವಿಗೆ ಏನಾದರೂ ಇರುತ್ತದೆ, ಕೇಳಲು ಅವರಿಗೂ ಇರುತ್ತದೆ. ಚೌಕಾಬಾರದ ಹಾಸು, ಕವಡೆ ಕೂಡ ಒಯ್ಯಿರಿ. ಆ ಆಟಕ್ಕೆ ಹೆಚ್ಚು ಮಾತು ಬೇಕಿಲ್ಲ.

12. ಬರುವ ಮುಂಚೆಯೇ ವಾರದ ವಿಡಿಯೊ ಕರೆಗೆ ಹೊತ್ತು ಗೊತ್ತುಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಸಂಜೆ ಏಳಾದರೆ ನಮಗೆ ಬೆಳಿಗ್ಗೆ ಏಳೂವರೆ. ಎರಡೂ ಕಡೆಯ ಮಕ್ಕಳು ಎಚ್ಚರವಿರುವ ಹೊತ್ತು ಅದು. ಭಾನುವಾರ ಬೆಳಿಗ್ಗೆ ಆದರೆ ಇಲ್ಲಿ ಶಾಲೆಯ ಗಡಿಬಿಡಿಯೂ ಇರುವುದಿಲ್ಲ.