ಆರು ಅಂಕಿಯ ಪಕ್ಕದ ಸಾಲು

ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷ್ ಅಂಕಿ ಬರುತ್ತದೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಡೇರಿಯ ಹಾಲಿನ ಚೀಟಿ, ಕರೆಂಟ್ ಬಿಲ್ಲು, ಗೋಡೆಯ ಗಡಿಯಾರ, ಎಲ್ಲದರ ಮೇಲೂ ಇರುವುದು ಅವೇ ಅಂಕಿ, ಹಾಗಾಗಿ ರೂಢಿಯಾಗಿವೆ. ಕನ್ನಡ ಪತ್ರಿಕೆ ಸಿಕ್ಕರೆ ಜಾಹೀರಾತೂ ಬಿಡದೆ ಓದುತ್ತಾರೆ. 2024ರ ಜನವರಿಯಲ್ಲಿ ಅವರ ಖಾತೆಯಿಂದ 48 ಸಾವಿರ ರೂಪಾಯಿ ಹೋದದ್ದು, ಅಂಕಿ ಬಂದು ಅಕ್ಷರ ಬಾರದ ಆ ಸಂದಿಯಲ್ಲಿ.

ಅವರ ಊರು ಅರಕಲಗೂಡು ತಾಲ್ಲೂಕು, ರಾಮನಾಥಪುರದ ಹತ್ತಿರ. ದೊಡ್ಡಪ್ಪ ತೀರಿಕೊಂಡ ಮೇಲೆ ಹೊಗೆಸೊಪ್ಪಿನ ಲೈಸೆನ್ಸು ದೊಡ್ಡಮ್ಮನ ಹೆಸರಿಗೆ ಬಂದಿದೆ. ರಾಮನಾಥಪುರದ ತಂಬಾಕು ಮಂಡಳಿ ಹರಾಜಿನಲ್ಲಿ ಬೇಲ್ ಮಾರಾಟವಾದರೆ ದುಡ್ಡು ಕೈಗೆ ಬರುವುದಿಲ್ಲ, ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ವಾರ ಮೂರು ಬೇಲಿನ ದುಡ್ಡು ಬಿದ್ದಿತ್ತು. ಗೊಬ್ಬರದ ಅಂಗಡಿಯ ಬಾಕಿ, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ತಂದ ಸೌದೆಯ ಬಾಕಿ ತೀರಿಸಿ ಉಳಿದದ್ದರಲ್ಲಿ ಮನೆಗೆ ಹೆಂಚು ಹೊದಿಸುವ ಯೋಚನೆಯಲ್ಲಿದ್ದರು.

ಬೆಳಿಗ್ಗೆ ಹನ್ನೊಂದೂವರೆ ದಾಟಿತ್ತು, ಮನೆಯಲ್ಲಿ ಒಬ್ಬರೇ. ಫೋನು ಬಂತು. "ಅಮ್ಮಾ, ಬ್ಯಾಂಕಿಂದ ಮಾತಾಡ್ತಿರೋದು. ನಿಮ್ಮ ಕೆವೈಸಿ ಆಗಿಲ್ಲ. ಇವತ್ತು ಸಂಜೆ ಒಳಗೆ ಆಗ್ದೆ ಇದ್ರೆ ಗೃಹಲಕ್ಷ್ಮಿ ದುಡ್ಡು ನಿಂತೋಗುತ್ತೆ." ಸ್ವಚ್ಛವಾದ ಕನ್ನಡ. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ಕ್ಕೆ. ಆಧಾರ್ ಜೋಡಣೆ ಆಗಿಲ್ಲ, ಕೆವೈಸಿ ಆಗಿಲ್ಲ ಎಂದು ಹೆಂಗಸರು ಬ್ಯಾಂಕಿನ ಮುಂದೆ ಸಾಲು ನಿಂತದ್ದನ್ನು ಎಲ್ಲರೂ ಕಂಡಿದ್ದರು, ದೊಡ್ಡಮ್ಮ ತಾವೇ ಎರಡು ಸಲ ನಿಂತಿದ್ದರು. ಕೂತಲ್ಲೇ ಕೆಲಸ ಮಾಡಿಕೊಡುತ್ತೇನೆ ಎಂದು ಒಬ್ಬ ಹುಡುಗ ಹೇಳಿದಾಗ ಅವರಿಗೆ ಅದು ಉಪಕಾರವಾಗಿಯೇ ಕೇಳಿಸಿತು. "ಊಟ ಆಯ್ತೇನಪ್ಪ ಅಂತಲೂ ಕೇಳ್ದೆ ಕಣೆ" ಎಂದು ಆಮೇಲೆ ನನ್ನ ಮುಂದೆ ಅತ್ತರು. ಕಳೆದುಕೊಂಡ ದುಡ್ಡಿಗಿಂತ ಆ ಒಂದು ಮಾತು ಅವರನ್ನು ಬಹಳ ದಿನ ಸುಟ್ಟಿತು.

ಅವನು ಕಾರ್ಡಿನ ಮೇಲಿನ ಅಂಕಿಯನ್ನು ನಾಲ್ಕು ನಾಲ್ಕಾಗಿ ಓದಿಸಿದ. ಹಿಂಬದಿಯ ಮೂರು ಅಂಕಿ ಓದಿಸಿದ. "ಈಗ ಒಂದು ಮೆಸೇಜು ಬರುತ್ತೆ, ಅದ್ರಲ್ಲಿರೋ ಆರು ನಂಬರ್ ಹೇಳಿ, ಫೋನ್ ಕಟ್ ಮಾಡ್ಬೇಡಿ" ಎಂದ. ಅವರದು ಬಟನ್ ಫೋನು. ಕಿವಿಯಿಂದ ಇಳಿಸಿ, ಕನ್ನಡಕ ಹಾಕಿಕೊಂಡು, ಆರು ಅಂಕಿ ಹುಡುಕಿ ಹೇಳಿದರು. ಹಾಗೆ ಮೂರು ಸಲ.

ಆ ಮೂರು ಸಂದೇಶಗಳನ್ನು ನಾನು ಮರುದಿನ ಅದೇ ಫೋನಿನಲ್ಲಿ ಓದಿದೆ. ಹೊಳೆನರಸೀಪುರದಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು, ಆದರೂ ಅವನ್ನು ಓದುವಾಗ ಕೈ ನಡುಗಿತು. ಮೊದಲನೆಯದರಲ್ಲಿ ಆರು ಅಂಕಿಯ ಪಕ್ಕದಲ್ಲೇ ಇತ್ತು: ಇದು 19,500 ರೂಪಾಯಿಯ ಖರೀದಿಗೆ, ಯಾರಿಗೂ ಹೇಳಬೇಡಿ, ಬ್ಯಾಂಕಿನವರು ಇದನ್ನು ಎಂದೂ ಕೇಳುವುದಿಲ್ಲ. ಎರಡನೆಯದೂ 19,500. ಮೂರನೆಯದು 9,000. ಕಳ್ಳ ಏನು ಮಾಡುತ್ತಿದ್ದಾನೆ ಎಂಬುದನ್ನು ಬ್ಯಾಂಕು ಆ ಕ್ಷಣವೇ, ಮೊತ್ತದ ಸಮೇತ, ದೊಡ್ಡಮ್ಮನ ಅಂಗೈಯಲ್ಲಿ ಬರೆದು ತೋರಿಸಿತ್ತು. ಬರೆದದ್ದು ಇಂಗ್ಲಿಷಿನಲ್ಲಿ.

ನಾನು ಈವರೆಗೆ ಕಂಡ ಓಟಿಪಿ ಸಂದೇಶಗಳೆಲ್ಲ ಇಂಗ್ಲಿಷಿನವೇ. ಅದೇ ಫೋನಿಗೆ ಸರ್ಕಾರದ ಪ್ರಕಟಣೆ ಕನ್ನಡದಲ್ಲಿ ಬರುತ್ತದೆ, ರೀಚಾರ್ಜ್ ಜಾಹೀರಾತು ಕನ್ನಡದಲ್ಲಿ ಬರುತ್ತದೆ. ದುಡ್ಡು ಹೋಗುವ ಸುದ್ದಿಯೊಂದು ಮಾತ್ರ ಕನ್ನಡದಲ್ಲಿ ಯಾಕೆ ಬರಬಾರದು? ಖಾತೆ ತೆರೆಯುವಾಗಲೇ ಭಾಷೆ ಯಾವುದೆಂದು ಕೇಳಿ ಬರೆದುಕೊಳ್ಳಲಿ. ಕೌಂಟರಿನಲ್ಲಿದ್ದಾಗ ನಾನೂ ಇದನ್ನು ಗಟ್ಟಿಯಾಗಿ ಕೇಳಲಿಲ್ಲ ಎಂಬ ನೋವು ನನಗಿದೆ.

ಅಲ್ಲಿಯವರೆಗೆ ಮನೆಯಲ್ಲಿ ಓದಿದವರು ಒಂದು ಕೆಲಸ ಮಾಡಬಹುದು. ಅಪ್ಪ ಅಮ್ಮನ ಪಕ್ಕ ಕೂತು, ಹಳೆಯ ಓಟಿಪಿ ಸಂದೇಶ ಒಂದನ್ನು ತೆರೆದು, ಪದ ಪದ ಕನ್ನಡದಲ್ಲಿ ಓದಿ ಹೇಳಿ. "ಯಾರಿಗೂ ನಂಬರ್ ಕೊಡ್ಬೇಡಿ" ಎಂದು ಬುದ್ಧಿ ಹೇಳಿದ್ದನ್ನು ಅವರು ಹತ್ತು ಸಲ ಕೇಳಿರುತ್ತಾರೆ, ಬ್ಯಾಂಕಿನವನಿಗೆ ಕೊಡುವುದು ಅದರಲ್ಲಿ ಸೇರುವುದಿಲ್ಲ ಎಂದುಕೊಂಡಿರುತ್ತಾರೆ. ಆ ಅಂಕಿ ಚೆಕ್ಕಿನ ಮೇಲೆ ಹಾಕುವ ಸಹಿ ಇದ್ದಂತೆ ಎಂದು ಹೇಳಿದ ಮೇಲೆ ದೊಡ್ಡಮ್ಮನಿಗೆ ಥಟ್ಟನೆ ಅರ್ಥವಾಯಿತು.

ನಮ್ಮ ಕಡೆಯವರು ಇಂಥ ಮಾತಿಗೆ ಬೇಗ ಒಳಗಾಗುವುದಕ್ಕೆ ಇನ್ನೊಂದು ಕಾರಣವನ್ನೂ ನಾನು ಕೌಂಟರಿನಲ್ಲಿ ಕೂತು ಕಂಡಿದ್ದೇನೆ. 2017ರ ಏಪ್ರಿಲ್ 1ಕ್ಕೆ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಹೋಯಿತು. 2019ರಲ್ಲಿ ವಿಜಯ ಬ್ಯಾಂಕು ಬರೋಡಾ ಬ್ಯಾಂಕಿಗೆ, 2020ರಲ್ಲಿ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ನಿಗೆ ಸೇರಿದವು. ಕಾವೇರಿ ಗ್ರಾಮೀಣ ಬ್ಯಾಂಕೂ 2019ರಲ್ಲಿ ಬೇರೆ ಹೆಸರಾಯಿತು. ನಡುವೆ 2018ರ ಕೊನೆಯೊಳಗೆ ಎಲ್ಲರ ಎಟಿಎಂ ಕಾರ್ಡೂ ಚಿಪ್ಪಿನ ಕಾರ್ಡಾಗಬೇಕು ಎಂದಾಯಿತು. ಪಾಸ್‌ಬುಕ್ಕು ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು, ಹಳೆ ಕಾರ್ಡು ನಡೆಯುವುದಿಲ್ಲ ಎಂದು ನಾವೇ ಬೋರ್ಡು ಹಾಕಿದ್ದೆವು. ಇಷ್ಟೆಲ್ಲ ನಿಜವಾಗಿ ಆಗಿರುವಾಗ "ನಿಮ್ಮ ಕಾರ್ಡು ಬ್ಲಾಕ್ ಆಗುತ್ತೆ" ಎಂದವನ ಮಾತನ್ನು ಸುಳ್ಳೆಂದು ಹೇಗೆ ತಿಳಿಯುವುದು? ಹಳ್ಳಿಯವರು ದಡ್ಡರು ಎಂದು ಈ ವಿಷಯದಲ್ಲಿ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಮಾತಿನ ಧಾಟಿ ನೋಡಿ ಪತ್ತೆ ಹಚ್ಚುವ ಕಾಲ ಹೋಯಿತು. ಮೊದಮೊದಲು ಬರುತ್ತಿದ್ದ ಕರೆಗಳೆಲ್ಲ ಹಿಂದಿ, ಕೇಳಿದ ಕೂಡಲೇ ಫೋನಿಡುತ್ತಿದ್ದೆವು. ಈಗ ಕನ್ನಡ, ಹಿಂದೆ ಕಚೇರಿಯ ಗದ್ದಲ, ನಿಮ್ಮ ಹೆಸರು, ಊರು, ಕೆಲವೊಮ್ಮೆ ಕಾರ್ಡಿನ ಕೊನೆಯ ನಾಲ್ಕು ಅಂಕಿಯೂ ಅವರಲ್ಲಿರುತ್ತದೆ. ನನಗೇ ಕಳೆದ ವರ್ಷ ಹಾಸನದ ಮನೆಯಲ್ಲಿದ್ದಾಗ ಒಂದು ಕರೆ ಬಂತು. ಹೊಸ ಕಾರ್ಡಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೆ, ಅವರು ಕಾರ್ಡಿನ ಮಾತೇ ಎತ್ತಿದರು, ನಾನು ಹುಟ್ಟಿದ ದಿನಾಂಕ ಹೇಳಿಬಿಟ್ಟೆ. "ಲೈನಲ್ಲೇ ಇರಿ" ಎಂದಾಗ ಎಚ್ಚರವಾಯಿತು. ಆ ಎರಡು ಪದ ನಾನು ಕೌಂಟರಿನಿಂದ ಯಾವ ಗ್ರಾಹಕರಿಗೂ ಹೇಳಿದವಳಲ್ಲ. ಬ್ಯಾಂಕಿಗೆ ಅವಸರವಿರುವುದಿಲ್ಲ, ನಾಳೆ ಬಂದರೂ ನಡೆಯುತ್ತದೆ. ಫೋನಿಟ್ಟ ನಂತರ ನೀವು ಯಾರನ್ನಾದರೂ ಕೇಳಿಬಿಡುತ್ತೀರಿ ಎಂಬ ಭಯ ಇರುವುದು ಮೋಸಗಾರನಿಗೆ.

ಬ್ಯಾಂಕಿನ ಸೇವೆಯ ಕರೆ 1600ರಿಂದ ಶುರುವಾಗುವ ಸಂಖ್ಯೆಯಿಂದ, ಪ್ರಚಾರದ ಕರೆ 140ರಿಂದ ಶುರುವಾಗುವ ಸಂಖ್ಯೆಯಿಂದ ಬರಬೇಕು ಎಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಬರಿಯ ಹತ್ತಂಕಿಯ ಮೊಬೈಲ್ ನಂಬರಿನಿಂದ "ಬ್ಯಾಂಕು" ಮಾತಾಡಿದರೆ ಅಲ್ಲಿಯೇ ಅನುಮಾನ ಪಡಬಹುದು. ಹಾಗೆಂದು 1600 ಕಂಡ ಕೂಡಲೇ ಓಟಿಪಿ ಹೇಳುವುದಲ್ಲ, ಅದನ್ನು ಕೇಳುವ ಬ್ಯಾಂಕೇ ಇಲ್ಲ. ಸಂಶಯ ಬಂದರೆ ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಮಾಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರು ಬೇಡ, ಅಲ್ಲೂ ಅವರೇ ಕೂತಿರುತ್ತಾರೆ.

ಓಟಿಪಿ ಕೇಳದೆಯೂ ಮೋಸ ನಡೆಯುತ್ತದೆ. ಚನ್ನರಾಯಪಟ್ಟಣದ ನನ್ನ ಗೆಳತಿಯ ಗಂಡ ಕೊಬ್ಬರಿ ವ್ಯಾಪಾರಿ. ಅವರಿಗೆ ಬಂದ ಕರೆ ಮಿಲಿಟರಿ ಕ್ಯಾಂಟೀನಿನಿಂದ ಎಂದು. ಎರಡು ಕ್ವಿಂಟಾಲ್ ಕೊಬ್ಬರಿ ಬೇಕು, ಮುಂಗಡ ಹಾಕುತ್ತೇವೆ, ಕಳಿಸಿರುವ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರಂತೆ. ದುಡ್ಡು ಬರುವುದಕ್ಕೆ ಪಿನ್ ಯಾಕೆ ಎಂದು ಅಂಗಡಿಯಲ್ಲಿದ್ದ ಹುಡುಗ ಕೇಳಿದ, ಅಲ್ಲಿಗೆ ಉಳಿಯಿತು. ಯುಪಿಐ ಪಿನ್ ಬೇಕಾಗುವುದು ಕೊಡುವುದಕ್ಕೆ, ಇಲ್ಲವೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ. ಪಡೆಯುವುದಕ್ಕೆ ಏನೂ ಒತ್ತಬೇಕಿಲ್ಲ.

ದೊಡ್ಡಮ್ಮನ ಕಥೆಯಲ್ಲಿ ಇನ್ನೊಂದು ತಪ್ಪು ನಮ್ಮ ಮನೆಯವರದೇ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಎಟಿಎಂ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದು, ದಿನದ ಮಿತಿಯನ್ನೂ ನಾವೇ ಹಾಕಬಹುದು. ಮೊಮ್ಮಗನ ಪರೀಕ್ಷಾ ಶುಲ್ಕ ಕಟ್ಟುವುದಕ್ಕೆ ಒಮ್ಮೆ ತೆರೆಸಿದ್ದೆವು, ಆಮೇಲೆ ಮುಚ್ಚಿಸಲಿಲ್ಲ. ಈಗ ಅವರಿಗೆ ಎರಡು ಖಾತೆ. ಹೊಗೆಸೊಪ್ಪಿನ ದುಡ್ಡು ಬೀಳುವ ಖಾತೆಗೆ ಕಾರ್ಡೇ ಇಲ್ಲ, ಚೀಟಿ ಬರೆದು ಕೌಂಟರಿನಲ್ಲಿ ತೆಗೆಯುತ್ತಾರೆ. ಗೃಹಲಕ್ಷ್ಮಿ, ಹಾಲಿನ ಬಟವಾಡೆ ಬರುವ ಇನ್ನೊಂದಕ್ಕೆ ಕಾರ್ಡಿದೆ, ಅದರಲ್ಲಿ ಐದಾರು ಸಾವಿರಕ್ಕಿಂತ ಹೆಚ್ಚು ಉಳಿಸುವುದಿಲ್ಲ. ಹಳ್ಳಿಯ ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಂದು ದುಡ್ಡು ಹೋದದ್ದು ಇಪ್ಪತ್ತೆರಡು ನಿಮಿಷದಲ್ಲಿ. ದೊಡ್ಡಮ್ಮ ಬಾಯಿ ಬಿಟ್ಟಿದ್ದು ಸಂಜೆ ಐದಕ್ಕೆ, ಮೊಮ್ಮಗ ಕಾಲೇಜಿನಿಂದ ಬಂದು ಕೇಳಿದ ಮೇಲೆ. ಆ ಐದು ಗಂಟೆ ಅವರು ದೇವರ ಮನೆಯಲ್ಲಿ ಕೂತಿದ್ದರಂತೆ. ಹುಡುಗ 1930ಕ್ಕೆ ಫೋನು ಮಾಡಿದ. ಇದು ಸೈಬರ್ ವಂಚನೆಗೆಂದೇ ದೇಶಕ್ಕೆಲ್ಲ ಇರುವ ಸಹಾಯವಾಣಿ. ದೂರು ಬಿದ್ದ ಕೂಡಲೇ ದುಡ್ಡು ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗಿ, ಅಲ್ಲಿ ಉಳಿದಿದ್ದರೆ ತಡೆಯುತ್ತಾರೆ. ಕಳ್ಳರು ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ, ಅದಕ್ಕೇ ನಿಮಿಷಗಳ ಲೆಕ್ಕ. ನಮಗೆ ತಡೆದು ಸಿಕ್ಕಿದ್ದು ಕೊನೆಯ 9 ಸಾವಿರ. ಹಾಸನದ ಸೆನ್ (ಸೈಬರ್ ಅಪರಾಧ) ಠಾಣೆಗೆ ಓಡಾಡಿ ಅದು ಕೈಗೆ ಬರುವಷ್ಟರಲ್ಲಿ ಏಳು ತಿಂಗಳು.

ಇಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗೊತ್ತಿರಬೇಕು. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ದುಡ್ಡು ಹೋಗಿ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ಓಟಿಪಿಯನ್ನು ನಾವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದು. ಆದ್ದರಿಂದ 1930ರ ಜೊತೆ ಬ್ಯಾಂಕಿಗೂ ಕೂಡಲೇ ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಾಚಿಕೆಯಿಂದಲೋ ಹೆದರಿಕೆಯಿಂದಲೋ ಬಾಯಿ ಮುಚ್ಚುವುದು ಹಳ್ಳಿಯ ಹೆಂಗಸರ ಕಥೆ ಮಾತ್ರವಲ್ಲ, ಆದರೆ ಬಾಯಿ ಬಿಟ್ಟವರಿಂದ ಎಲ್ಲರಿಗೂ ಉಪಕಾರವಾಗುತ್ತದೆ. 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಪ್ರಧಾನಿ ದೇಶಕ್ಕೆಲ್ಲ ಕೇಳಿಸಿದ, ಪೊಲೀಸರೆಂದು ಹೇಳಿಕೊಂಡು ಹೆದರಿಸುವ "ಡಿಜಿಟಲ್ ಅರೆಸ್ಟ್" ಕರೆ ನಮ್ಮ ವಿಜಯಪುರದ ಒಬ್ಬರಿಗೆ ಬಂದದ್ದು. ಅವರು ಹೆದರದೆ ಅದನ್ನು ರೆಕಾರ್ಡ್ ಮಾಡಿಟ್ಟಿದ್ದರಿಂದ ಎಲ್ಲರಿಗೂ ಕೇಳಲು ಸಿಕ್ಕಿತು.

ಹೋದ ತಿಂಗಳು ದೊಡ್ಡಮ್ಮನಿಗೆ ಮತ್ತೆ ಒಂದು ಕರೆ ಬಂದಿತ್ತು. ಈ ಸಲ ಪಿಎಂ ಕಿಸಾನ್ ಹೆಸರಿನಲ್ಲಿ. "ನಾಳೆ ಬ್ಯಾಂಕಿಗೇ ಬತ್ತೀನಿ ಬಿಡಪ್ಪ" ಎಂದು ಫೋನಿಟ್ಟರಂತೆ. ಇಟ್ಟ ಮೇಲೆ ಅರ್ಧ ಗಂಟೆ ಎದೆ ಹೊಡೆದುಕೊಂಡಿತಂತೆ, ನಿಜವಾಗಲೂ ಬ್ಯಾಂಕಿನವರೇ ಆಗಿದ್ದರೆ, ಮರ್ಯಾದೆ ಕೆಡಿಸಿದೆನಲ್ಲಾ ಎಂದು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಅರಕಲಗೂಡಿಗೆ ಹೋಗಿ, ನಿನ್ನೆ ಫೋನು ಮಾಡಿದ ಹುಡುಗ ಯಾರು ಎಂದು ಕೌಂಟರಿನಲ್ಲಿ ಕೇಳಿದರು. ಯಾರೂ ಮಾಡಿಲ್ಲಮ್ಮ ಎಂದರು. ಬಂದವರು ಹಾಗೇ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇಲ್ಲೇನು ಬರೆದಿದೆ ಸ್ವಲ್ಪ ಕನ್ನಡದಲ್ಲಿ ಹೇಳಿ ಎಂದು ಕೇಳಿ, ಕೇಳಿಸಿಕೊಂಡು ಊರಿಗೆ ಬಂದರು.