ಹೈಫಾ ಗೆದ್ದ ಬ್ರಿಗೇಡ್‌ನಲ್ಲಿ ಮೈಸೂರು ಲ್ಯಾನ್ಸರ್ಸ್

ಚಿಕ್ಕಜಾಲದಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿ ಬಂದರೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಮೈಸೂರು ಸಂಸ್ಥಾನದ ಅಶ್ವಸೈನಿಕರ ನೆನಪಿಗೆ ಕಟ್ಟಿದ್ದು ಇದು.

ಈ ಪಡೆ 15ನೇ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡ್‌ಗೆ ಸೇರಿತ್ತು. ಬ್ರಿಗೇಡ್ ಎಂದರೆ ಹಲವು ರೆಜಿಮೆಂಟುಗಳನ್ನೂ ಅವುಗಳಿಗೆ ಬೆಂಬಲವಾಗುವ ತುಕಡಿಗಳನ್ನೂ ಒಬ್ಬ ಅಧಿಕಾರಿಯ ಕೈಕೆಳಗೆ ತರುವ ವ್ಯವಸ್ಥೆ. 1918ರಲ್ಲಿ ಇದರ ಮೂರು ರೆಜಿಮೆಂಟುಗಳು ಮೈಸೂರು, ಹೈದರಾಬಾದ್ ಮತ್ತು ಜೋಧಪುರ ಲ್ಯಾನ್ಸರ್ಸ್. ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಸಿ.ಆರ್. ಹಾರ್ಬರ್ಡ್. ಮೇಲಿನ ಘಟಕ 5ನೇ ಅಶ್ವದಳ ಡಿವಿಷನ್. ಮೂರೂ ಪಡೆಗಳು ದೇಶೀಯ ಸಂಸ್ಥಾನಗಳವು ಎಂಬುದನ್ನು ಮರೆಯಬಾರದು.

1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನಲ್ಲಿರುವ ಹೈಫಾ ಬಂದರು ಈ ಬ್ರಿಗೇಡ್‌ನ ವಶವಾಯಿತು. ಜೋಧಪುರ ಸವಾರರು ಕಣಿವೆಯ ದಾರಿಯಲ್ಲಿ ನುಗ್ಗಿದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಶತ್ರುವಿನ ತೋಪುಗಳನ್ನು ಹಿಡಿಯಿತು. ಮೆಷಿನ್‌ಗನ್ ಗುಂಡಿನ ಮಳೆಯೆದುರು ಈಟಿ ಹಿಡಿದ ಸವಾರರು! ಸುಮಾರು 1,350 ಜರ್ಮನ್ ಮತ್ತು ಒಟ್ಟೋಮನ್ ಸೈನಿಕರು ಸೆರೆಯಾದರು, 17 ತೋಪುಗಳು ಸಿಕ್ಕವು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಹುತಾತ್ಮರಾದರು. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಸಮೀಪದ ಹರಿತಾನ್‌ನಲ್ಲಿ ಇದೇ ಬ್ರಿಗೇಡ್ ಮತ್ತೆ ಕಾದಾಡಿತು; ಒಟ್ಟೋಮನ್ನರೊಡನೆ ಕದನವಿರಾಮವಾದದ್ದು ನಾಲ್ಕೇ ದಿನಗಳ ನಂತರ. ಹೈಫಾದ ವೈಭವದ ನಡುವೆ ಹರಿತಾನ್‌ನ ಬಲಿದಾನವನ್ನು ಪುಸ್ತಕಗಳು ಬಿಟ್ಟುಬಿಡುವುದು ಅನ್ಯಾಯ.

ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ರೆಜಿಮೆಂಟುಗಳನ್ನೇ ಸೂಚಿಸುತ್ತವೆ. 2018ರಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂಬ ಹೆಸರು ಬಂತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವಪಡೆಗಳು ವಿಲೀನವಾಗಿ 1953ರಲ್ಲಿ ರೂಪುಗೊಂಡದ್ದೇ ಇಂದಿನ 61ನೇ ಕ್ಯಾವಲ್ರಿ. ಅದರ ನೆಲೆ ಜೈಪುರ.